ಜೀವಕೋಶದ ಲಿಪಿಕಾರ

ಮನುಷ್ಯನ ಕಣ್ಣಿನ ಜೀವಕೋಶಗಳಲ್ಲಿಯೂ ಚರ್ಮದ ಜೀವಕೋಶಗಳಲ್ಲಿಯೂ ಇರುವ ವಂಶವಾಹಿಗಳು ಒಂದೇ. ಆದರೂ ಕಣ್ಣು ಬೆಳಕನ್ನು ಗ್ರಹಿಸುತ್ತದೆ. ಚರ್ಮವು ದೇಹಕ್ಕೆ ಹೊದಿಕೆಯಾಗುತ್ತದೆ. ಈ ಭೇದಕ್ಕೆ ಕಾರಣವೇನು? ಯಾವ ಜೀವಕೋಶವೂ ತನ್ನಲ್ಲಿರುವ ವಂಶವಾಹಿಗಳೆಲ್ಲವನ್ನೂ ಏಕಕಾಲದಲ್ಲಿ ಬಳಸುವುದಿಲ್ಲ. ಬೇಕಾದುದನ್ನು ಬೇಕಾದಾಗ ಮಾತ್ರ ಆರಿಸಿಕೊಳ್ಳುತ್ತದೆ.

ವಂಶವಾಹಿಗಳು ಡಿ.ಎನ್.ಎ. ಎಂಬ ನೀಳವಾದ ಅಣುವಿನ ಭಾಗಗಳು. ಅದರಲ್ಲಿ ನಾಲ್ಕು ಬಗೆಯ ಪ್ರತ್ಯಾಮ್ಲಗಳು ಅಕ್ಷರಗಳಂತೆ ಸಾಲಾಗಿ ಜೋಡಣೆಗೊಂಡಿವೆ. ತಾಳೆಗರಿಯ ಮೂಲಗ್ರಂಥವನ್ನು ಭಂಡಾರದಲ್ಲಿಯೇ ಉಳಿಸಿ, ಬೇಕಾದ ಅಧ್ಯಾಯವನ್ನಷ್ಟೇ ಲಿಪಿಕಾರನು ಪ್ರತಿಮಾಡಿ ಕೊಡುವಂತೆ, ಜೀವಕೋಶವೂ ಡಿ.ಎನ್.ಎ.ಯನ್ನು ಕಾಪಾಡಿಕೊಂಡು ಬೇಕಾದ ಭಾಗದ ಪ್ರತಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಆ ಪ್ರತಿಯೇ ಆರ್.ಎನ್.ಎ. ಈ ಕ್ರಿಯೆಗೆ ಪ್ರತಿಲೇಖನ ಎಂದು ಹೆಸರು. ಇಲ್ಲಿ ಲಿಪಿಕಾರನ ಕೆಲಸವನ್ನು ಮಾಡುವುದು ಆರ್.ಎನ್.ಎ. ಪಾಲಿಮರೇಸ್ ಎಂಬ ಕಿಣ್ವ.

ಈ ಕಿಣ್ವದ ಕಾರ್ಯಕ್ಕೂ ಅದರ ಆಕಾರಕ್ಕೂ ನಿಕಟವಾದ ಸಂಬಂಧವುಂಟು. ಮನುಷ್ಯನ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯದಲ್ಲಿ ಕಿಣ್ವದ ತಿರುಳು ಐದು ಉಪಘಟಕಗಳಿಂದ ರಚಿತವಾಗಿದೆ. ಅವುಗಳಲ್ಲಿ ದೊಡ್ಡವಾದ ಎರಡು ಉಪಘಟಕಗಳು ಏಡಿಯ ಇಕ್ಕಳದಂತೆ ಎದುರುಬದುರಾಗಿ ನಿಂತಿವೆ. ಇಕ್ಕಳದ ನಡುವಣ ಕಂದರದಲ್ಲಿ ಡಿ.ಎನ್.ಎ. ಹಾದುಹೋಗುತ್ತದೆ. ಕಂದರದ ತಳದಲ್ಲಿ ಮೆಗ್ನೀಸಿಯಂ ಅಯಾನುಗಳ ನೆರವಿನಿಂದ ಆರ್.ಎನ್.ಎ.ಯ ಕೊಂಡಿಗಳು ಒಂದೊಂದಾಗಿ ಬೆಸೆಯಲ್ಪಡುತ್ತವೆ. ಸಿದ್ಧವಾದ ಎಳೆಯು ಬೇರೊಂದು ಕಿರಿದಾದ ಹಾದಿಯಿಂದ ಹೊರಬರುತ್ತದೆ.

ಆದರೆ ಈ ತಿರುಳಿಗೆ ಬರೆಯುವ ಶಕ್ತಿಯಿದ್ದರೂ ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯದು. ಆ ತಿಳಿವನ್ನು ಒದಗಿಸುವುದು 1969ರಲ್ಲಿ ಪತ್ತೆಯಾದ ಸಿಗ್ಮಾ ಎಂಬ ಘಟಕ. ಅದು ತಿರುಳಿನೊಡನೆ ಸೇರಿ, ಪ್ರತಿಲೇಖನವು ಆರಂಭವಾಗುವ ಸ್ಥಾನಕ್ಕಿಂತ ಸುಮಾರು 10 ಮತ್ತು 35 ಅಕ್ಷರಗಳಷ್ಟು ಹಿಂದಿರುವ ಗುರುತುಗಳನ್ನು ಗುರುತಿಸುತ್ತದೆ, ಡಿ.ಎನ್.ಎ.ಯ ಎರಡು ಎಳೆಗಳು ಅಲ್ಲಿ ಬಿಚ್ಚಿಕೊಳ್ಳಲು ನೆರವಾಗುತ್ತದೆ. ಇ. ಕೋಲೈಯಲ್ಲಿ ಏಳು ಬಗೆಯ ಸಿಗ್ಮಾಗಳುಂಟು. ಸಾಮಾನ್ಯ ಸ್ಥಿತಿಯಲ್ಲಿ ಒಂದು ಸಿಗ್ಮಾ ಪ್ರಧಾನವಾಗಿ ಕೆಲಸ ಮಾಡುತ್ತದೆ. ಶಾಖವು ಮಿತಿಮೀರಿದಾಗ ಮತ್ತೊಂದು ಸಿಗ್ಮಾ ಹೆಚ್ಚಿ, ಶಾಖದಿಂದ ರಕ್ಷಿಸುವ ಪ್ರೋಟೀನುಗಳ ವಂಶವಾಹಿಗಳತ್ತ ಕಿಣ್ವವನ್ನು ಕರೆದೊಯ್ಯುತ್ತದೆ. ಲಿಪಿಕಾರನು ಅವನೇ, ದಾರಿ ತೋರುವವನು ಮಾತ್ರ ಬೇರೆ.

ಮನುಷ್ಯನಲ್ಲಿಯೂ ಯೀಸ್ಟಿನಲ್ಲಿಯೂ ಈ ಏರ್ಪಾಡು ಇನ್ನೂ ಜಟಿಲವಾದುದು. ಪ್ರೋಟೀನುಗಳಿಗೆ ಸಂಬಂಧಿಸಿದ ವಂಶವಾಹಿಗಳನ್ನು ಪ್ರತಿಮಾಡುವ ಅಲ್ಲಿನ ಕಿಣ್ವದಲ್ಲಿ 12 ಉಪಘಟಕಗಳಿವೆ. ಸಿಗ್ಮಾದ ಬದಲು ಅನೇಕ ಸಹಾಯಕ ಪ್ರೋಟೀನುಗಳು ಅದಕ್ಕೆ ದಾರಿ ತೋರುತ್ತವೆ. ಕಣ್ಣಿನಲ್ಲಿ ಕೆಲವು, ಚರ್ಮದಲ್ಲಿ ಬೇರೆ ಕೆಲವು ಸಹಾಯಕಗಳು ಇರುವುದರಿಂದಲೇ ಒಂದೇ ಗ್ರಂಥದಿಂದ ಭಿನ್ನವಾದ ಅಧ್ಯಾಯಗಳು ಪ್ರತಿಯಾಗುತ್ತವೆ. ಯೀಸ್ಟಿನ ಈ ಕಿಣ್ವದ ರಚನೆಯನ್ನು 2001ರಲ್ಲಿ ಸೂಕ್ಷ್ಮವಾಗಿ ಚಿತ್ರಿಸಿ ತೋರಿಸಿದ ತಂಡದ ಮುಖ್ಯಸ್ಥ, ಅಮೆರಿಕದ ವಿಜ್ಞಾನಿ ರಾಜರ್ ಕಾರ್ನ್‌ಬರ್ಗ್ ಅವರಿಗೆ 2006ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಈ ಅರಿವು ಕೇವಲ ಕುತೂಹಲವನ್ನು ತಣಿಸುವಂಥದಲ್ಲ. ಕ್ಷಯರೋಗದ ಚಿಕಿತ್ಸೆಯಲ್ಲಿ ಪ್ರಮುಖವಾದ ರಿಫಾಂಪಿಸಿನ್ ಎಂಬ ಔಷಧವು ರೋಗಾಣುವಿನ ಪಾಲಿಮರೇಸಿನೊಳಗೆ, ಆರ್.ಎನ್.ಎ. ಹೊರಬರುವ ಹಾದಿಗೆ ಅಡ್ಡವಾಗಿ ನೆಲೆಗೊಳ್ಳುತ್ತದೆ. ಎರಡು ಮೂರು ಕೊಂಡಿಗಳಷ್ಟು ಬೆಳೆದ ಎಳೆಯು ಅದಕ್ಕೆ ತಗುಲಿ ಅಲ್ಲಿಯೇ ನಿಂತುಹೋಗುತ್ತದೆ. ಪ್ರತಿಲೇಖನವಿಲ್ಲದೆ ರೋಗಾಣು ಬದುಕಲಾರದು. ಮನುಷ್ಯನ ಕಿಣ್ವದ ರಚನೆ ಭಿನ್ನವಾದುದರಿಂದ ಔಷಧವು ಅಲ್ಲಿ ಹಾಗೆ ನೆಲೆಗೊಳ್ಳಲಾರದು. ಆದರೆ ಔಷಧವು ಕೂರುವ ತಾಣದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ ರೋಗಾಣುವು ಔಷಧಕ್ಕೆ ಮಣಿಯದೆ ಹೋಗಬಹುದು. ಆದುದರಿಂದಲೇ ವೈದ್ಯರು ಕ್ಷಯಕ್ಕೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ. ಕೆಮ್ಮು ನಿಂತಿತೆಂದು ಚಿಕಿತ್ಸೆಯನ್ನು ನಡುವೆ ಬಿಡಬಾರದೆಂದು ಎಚ್ಚರಿಸುತ್ತಾರೆ. ಕಣ್ಣಿಗೆ ಕಾಣದ ಒಂದು ಕಿಣ್ವದ ಆಕಾರದ ಮೇಲೆ ರೋಗಿಯ ಪ್ರಾಣವು ನಿಂತಿದೆ.