ಹೀಲಿಯಮಿನ ಎರಡು ಕುಟುಂಬಗಳು

೧೮೬೮ನೆಯ ಆಗಸ್ಟ್ ೧೮ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ದೇಶವನ್ನು ಹಾಯ್ದುಹೋಯಿತು. ಗುಂಟೂರಿನಲ್ಲಿ ಜಾನ್ಸೆನ್, ನಮ್ಮ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಸೂರ್ಯನ ಅಂಚಿನ ಜ್ವಾಲೆಗಳ ರೋಹಿತವನ್ನು ಪರೀಕ್ಷಿಸಿದರು. ಆ ಬೆಳಕಿನ ಹಳದಿ ರೇಖೆಯೊಂದು ಭೂಮಿಯಲ್ಲಿ ತಿಳಿದಿದ್ದ ಯಾವ ಧಾತುವಿನದೂ ಆಗಿರಲಿಲ್ಲ. ಅದರ ಒಡೆಯನಾದ ಹೀಲಿಯಮನ್ನು ರ‍್ಯಾಮ್ಸೆಯು ೧೮೯೫ರಲ್ಲಿ ಖನಿಜವೊಂದರಿಂದ ಪಡೆದನು.

ತೊಡಕು ಮೊದಲಾದುದು ಆಗಲೇ. ಅದೇ ವರ್ಷ ರುಂಗೆ ಮತ್ತು ಪಾಷೆನ್ ಈ ಅನಿಲದ ರೋಹಿತರೇಖೆಗಳನ್ನು ವಿಂಗಡಿಸಲು, ಅವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕುಟುಂಬಗಳಾಗಿ ನಿಂತವು. ಇದು ಎರಡು ಅನಿಲಗಳ ಮಿಶ್ರಣವಿರಬೇಕೆಂದು ಅವರು ಊಹಿಸಿದರು. ಊಹೆ ಅವಿವೇಕದ್ದೇನೂ ಆಗಿರಲಿಲ್ಲ. ಆದರೆ ಎರಡನೆಯ ಅನಿಲ ಮಾತ್ರ ಯಾರ ಕೈಗೂ ಸಿಕ್ಕಲಿಲ್ಲ. ಆರ್ಥೋಹೀಲಿಯಂ, ಪ್ಯಾರಾಹೀಲಿಯಂ ಎಂಬ ಹೆಸರುಗಳಷ್ಟೇ ಉಳಿದವು.

ಒಗಟನ್ನು ಬಿಡಿಸಿದವನು ಹೈಸನ್‌ಬರ್ಗ್, ೧೯೨೬ರಲ್ಲಿ. ಎಲೆಕ್ಟ್ರಾನಿಗೆ ಸ್ಪಿನ್, ಅಂದರೆ ಗಿರಕಿಯಂಥ ಒಂದು ಗುಣವಿದೆಯೆಂದು ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಅದರ ಹಿಂದಿನ ವರ್ಷವಷ್ಟೇ ಸೂಚಿಸಿದ್ದರು. ಗಿರಕಿಯೆಂದೊಡನೆ ವಾಚಕರಿಗೆ ಬುಗುರಿ ನೆನಪಾಗುವುದು ಸಹಜ. ನೆನಪಾಗಲಿ, ಆದರೆ ಆ ಹೋಲಿಕೆಯನ್ನು ಬಹುದೂರ ಎಳೆಯದಿರುವುದು ಲೇಸು. ಗೊತ್ತುಪಡಿಸಿದ ಯಾವ ದಿಕ್ಕಿನಲ್ಲಿ ಅಳೆದರೂ ಎಲೆಕ್ಟ್ರಾನಿನ ಸ್ಪಿನ್ ಮೇಲ್ಮುಖವಾಗಿ ಇಲ್ಲವೇ ಕೆಳಮುಖವಾಗಿ ಕಾಣುವುದೇ ಹೊರತು ನಡುವಣ ಬೆಲೆಯಿಲ್ಲ.

ಹೀಲಿಯಂ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಎರಡು. ಅವುಗಳ ಸ್ಪಿನ್ನುಗಳು ನಾಲ್ಕು ಬಗೆಯಾಗಿ ಕೂಡಬಲ್ಲವು. ಎರಡೂ ಮೇಲ್ಮುಖ, ಎರಡೂ ಕೆಳಮುಖ, ಇವು ಸರಳ. ಒಂದು ಮೇಲೆ, ಇನ್ನೊಂದು ಕೆಳಗೆ ಎಂಬಲ್ಲಿ ಮಾತ್ರ ಸೂಕ್ಷ್ಮವಿದೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳಲಾಗದು, ಏಕೆಂದರೆ ಎಲೆಕ್ಟ್ರಾನುಗಳಿಗೆ ಗುರುತುಚೀಟಿಯಿಲ್ಲ. ಆದುದರಿಂದ ಎರಡು ಸಾಧ್ಯತೆಗಳನ್ನೂ ಬೆರೆಸಬೇಕು: ಕೂಡಿಸಿ ಬೆರೆಸಿದರೆ ಒಂದು ಸ್ಥಿತಿ, ಕಳೆದು ಬೆರೆಸಿದರೆ ಮತ್ತೊಂದು. ಕೂಡಿಸಿದ್ದು ಮೊದಲಿನ ಎರಡರ ಜೊತೆ ಸೇರಿ ತ್ರಿವಳಿಯಾಗುತ್ತದೆ; ಕಳೆದದ್ದು ಒಂಟಿಯಾಗಿ ಉಳಿಯುತ್ತದೆ. ಎಲೆಕ್ಟ್ರಾನುಗಳನ್ನು ಅದಲುಬದಲು ಮಾಡಿದರೆ ಚಿಹ್ನೆ ತಿರುಗುವುದು ಒಂಟಿ ಸ್ಥಿತಿಯಲ್ಲಿ ಮಾತ್ರ. ಒಂಟಿಯದು ಪ್ಯಾರಾ, ತ್ರಿವಳಿಯದು ಆರ್ಥೋ. ಜಮಖಂಡಿಯಿಂದ ಕಂಡ ಹಳದಿ ರೇಖೆ ಆರ್ಥೋ ಕುಟುಂಬಕ್ಕೆ ಸೇರಿದ್ದು.

ಇಲ್ಲಿ ಪೌಲಿಯ ನಿಯಮ ಪ್ರವೇಶಿಸುತ್ತದೆ. ಅದಲುಬದಲಿನಿಂದ ಇಡಿಯ ವರ್ಣನೆಯ ಚಿಹ್ನೆ ತಿರುಗಲೇಬೇಕು. ತ್ರಿವಳಿಯಲ್ಲಿ ಸ್ಪಿನ್ನಿನ ಭಾಗ ತಿರುಗದು. ಆದ್ದರಿಂದ ಸ್ಥಾನದ ಭಾಗ ತಿರುಗಬೇಕು. ಹಾಗೆ ತಿರುಗುವುದಾದರೆ, ಎರಡು ಎಲೆಕ್ಟ್ರಾನುಗಳು ಒಂದೇ ಬಿಂದುವಿನಲ್ಲಿರುವ ಸಂಭವ ಸೊನ್ನೆ. ಅವು ಒಂದಕ್ಕೊಂದು ತೀರ ಹತ್ತಿರ ಬರುವುದು ತಪ್ಪುತ್ತದೆ. ಪರಮಾಣು ಬೀಜದ ಸೆಳೆತವನ್ನು ಒಂದು ಇನ್ನೊಂದರಿಂದ ಮರೆಮಾಡುವುದು ಅಷ್ಟು ತಗ್ಗುತ್ತದೆ. ಆದಕಾರಣವೇ ಒಂದು ಎಲೆಕ್ಟ್ರಾನು ಎರಡನೆಯ ಕವಚಕ್ಕೇರಿದಾಗ, ಆರ್ಥೋವಿನ ಅತಿ ಕೆಳಗಿನ ಮಟ್ಟವು ಅದಕ್ಕೆ ಸರಿಜೋಡಿಯಾದ ಪ್ಯಾರಾ ಮಟ್ಟಕ್ಕಿಂತ ಸುಮಾರು ೦.೮ ಎಲೆಕ್ಟ್ರಾನ್ ವೋಲ್ಟಿನಷ್ಟು ಕೆಳಗಿದೆ. ಸ್ಪಿನ್ನುಗಳ ಕಾಂತಬಲದಿಂದ ಇಷ್ಟು ದೊಡ್ಡ ಅಂತರ ಹುಟ್ಟಲಾರದು. ಇದು ವಿದ್ಯುತ್ತಿನ ಕೆಲಸ, ಸ್ಪಿನ್ ಬರಿಯ ನಿಯಾಮಕ.

ಎರಡು ಎಲೆಕ್ಟ್ರಾನುಗಳೂ ಅತ್ಯಂತ ಒಳಗಿನ ಕವಚದಲ್ಲಿರುವಾಗಲಾದರೋ ತ್ರಿವಳಿಗೆ ಎಡೆಯೇ ಇಲ್ಲ. ಬೆಳಕಿನ ಹೊರಸೂಸುವಿಕೆ ಸ್ಪಿನ್ನನ್ನು ತಿರುಗಿಸುವುದು ಅತಿ ವಿರಳ. ಹೀಗಾಗಿ ಆರ್ಥೋವಿನ ಆ ಅತಿ ಕೆಳಗಿನ ಮಟ್ಟಕ್ಕೆ ಬಂದ ಪರಮಾಣು ಅಲ್ಲಿಯೇ ಸಿಕ್ಕಿಬೀಳುತ್ತದೆ. ಉದ್ರಿಕ್ತ ಪರಮಾಣು ಸಾಮಾನ್ಯವಾಗಿ ಸೆಕೆಂಡಿನ ಕೋಟಿ ಭಾಗಗಳಷ್ಟು ಕಾಲದಲ್ಲಿ ಬೆಳಕನ್ನು ಚೆಲ್ಲಿ ಇಳಿದುಬಿಡುತ್ತದೆ. ಇದೋ, ಯಾವ ಡಿಕ್ಕಿಯೂ ತಗಲದಿದ್ದರೆ, ಸರಾಸರಿ ಎರಡು ಗಂಟೆಗೂ ಮಿಕ್ಕಿ ಕಾದಿರುತ್ತದೆ.