ಮನೆ ಮಾರುವ ಮುನ್ನ ವಕೀಲರನ್ನು ಕಾಣಿ

ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತೆಂದೋ, ಮಗಳನ್ನು ಮೆಡಿಕಲ್‌ಗೆ ಸೇರಿಸಬೇಕೆಂದೋ ಊರಿನ ಮನೆ ಮಾರಲು ಹೊರಡುವ ತಂದೆತಾಯಂದಿರುಂಟು. ಮನೆ ಹೋದರೂ ತೆಂಗಿನ ತೋಟ ಉಳಿಯಲಿ ಎಂಬುದು ಕಲ್ಪತರು ನಾಡಿನ ಲೆಕ್ಕಾಚಾರ. ತುಮಕೂರು–ತಿಪಟೂರು ರೈಲು ಮಾರ್ಗದಲ್ಲಿರುವ, ಸಿಮೆಂಟ್ ಕಾರ್ಖಾನೆಯಿಂದ ಹೆಸರಾದ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಅಂಥದೊಂದು ಮನೆ ಮಾರಾಟಕ್ಕಿದೆ ಎಂದಿಟ್ಟುಕೊಳ್ಳಿ. ಗಿರಾಕಿ ಸಿಕ್ಕಿ ಬೆಲೆ ಕುದುರಿದರೆ ಕೆಲಸ ಮುಗಿಯಿತೇ? ಇಲ್ಲ. ಈ ಮಾರಾಟ ಮುಂದೊಂದು ದಿನ ಕೋರ್ಟಿನ ಮೆಟ್ಟಿಲು ಹತ್ತದಂತೆ ನೋಡಿಕೊಳ್ಳಬೇಕು. ವಕೀಲರು ಬೇಕಾಗುವುದು ಅಲ್ಲಿಯೇ.

ಇಂಗ್ಲೆಂಡಿನಲ್ಲಿ ಈ ಕೆಲಸವನ್ನು ಹೆಚ್ಚಾಗಿ ಸಾಲಿಸಿಟರ್‌ಗಳು ಮಾಡುತ್ತಾರೆ. ನಮ್ಮಲ್ಲಿ ಅದು ವಕೀಲರು ಮತ್ತು ಪತ್ರ ಬರಹಗಾರರ ನಡುವೆ ಹಂಚಿಹೋಗಿದೆ. ಪತ್ರ ಬರಹಗಾರರು ಕ್ರಯಪತ್ರವನ್ನು ಕ್ರಮವಾಗಿ ಬರೆದುಕೊಡುತ್ತಾರೆ. ಮಾರುವವರ ಹಕ್ಕು ಗಟ್ಟಿಯಾಗಿದೆಯೇ ಎಂದು ಶೋಧಿಸುವವರು ವಕೀಲರು.

ಕಾಗದಗಳ ಪರಿಶೀಲನೆ

ಮೊದಲು ಮೂಲಪತ್ರ. ಮನೆ ಯಾರಿಂದ ಯಾರಿಗೆ, ಹೇಗೆ ಬಂತು ಎಂಬ ಸರಪಳಿ ಎಲ್ಲೂ ಕಡಿದಿರಬಾರದು. ಬಳಿಕ ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಅಂದರೆ ಇ.ಸಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಕಂದಾಯ ರಸೀದಿ, ಚಕ್ಕುಬಂದಿ ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ನೋಂದಣಿಯಾಗದ ಅಗ್ರಿಮೆಂಟ್ ಅದರಲ್ಲಿರುವುದಿಲ್ಲ. ಅದಕ್ಕೇ ವಕೀಲರು ವಂಶವೃಕ್ಷ ಕೇಳುವುದು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯುವುದು.

ಸ್ವತ್ತಿನ ಹಕ್ಕಿನಲ್ಲಿ ತನಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ ದೋಷವನ್ನು ಮಾರುವವನು ತಿಳಿಸಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಂ ಹೇಳುತ್ತದೆ. ಮುಚ್ಚಿಟ್ಟರೆ ಕಾನೂನಿನ ದೃಷ್ಟಿಯಲ್ಲಿ ಅದು ವಂಚನೆ.

ಮಗಳ ಸಹಿ

ವ್ಯಾಜ್ಯಕ್ಕೆ ಹಾದಿಯಾಗುವ ಒಂದು ತಪ್ಪೆಂದರೆ ಹೆಣ್ಣುಮಕ್ಕಳನ್ನು ಬಿಟ್ಟು ಪಿತ್ರಾರ್ಜಿತ ಮನೆ ಮಾರುವುದು. ‘ಮದುವೆ ಮಾಡಿ ಕಳಿಸಿದ್ದೇವೆ, ಅವಳ ಸಹಿ ಏಕೆ?’ ಎಂಬ ಮಾತು ಇಂದು ನಿಲ್ಲದು. ಕರ್ನಾಟಕ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ವಿವಾಹಿತರನ್ನೂ ಸೇರಿಸಿತು. ಇದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯ ಮಾತು ಬೇರೆ. ಬದುಕಿರುವವರೆಗೆ ಅದನ್ನು ಮಾರಲು ಅವರು ಸ್ವತಂತ್ರರು.

ಹದಿನೆಂಟು ತುಂಬದ ಮಗುವಿನ ಹೆಸರಿನಲ್ಲೇ ಮನೆಯಿದ್ದರೆ, ಹಿಂದೂ ಕುಟುಂಬಗಳಲ್ಲಿ 1956ರ ಕಾಯಿದೆಯಂತೆ ತಂದೆ ಅಥವಾ ತಾಯಿ ಮೊದಲು ನ್ಯಾಯಾಲಯದ ಅನುಮತಿ ಪಡೆಯಬೇಕು. ಪಡೆಯದೆ ಮಾರಿದರೆ, ಪ್ರಾಯಕ್ಕೆ ಬಂದ ಮೂರು ವರ್ಷದೊಳಗೆ ಆ ಮಗುವೇ ಮಾರಾಟವನ್ನು ಪ್ರಶ್ನಿಸಬಹುದು.

ಕೊನೆಯ ಹಂತ

ಎಲ್ಲ ಸರಿಯಿದ್ದರೆ ಮುಂಗಡ ಪಡೆದು ಕರಾರು ಪತ್ರ. ಬಾಕಿ ಹಣ ಎಂದು, ಹೇಗೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಕರಾರಿನಿಂದ ಮನೆ ಕೈಬದಲಾಗುವುದಿಲ್ಲ. ಅದಕ್ಕೆ ನೋಂದಣಿಯಾದ ಕ್ರಯಪತ್ರವೇ ಬೇಕು. ಬರೀ ಜಿ.ಪಿ.ಎ. ಬರೆದುಕೊಟ್ಟರೆ ಮಾರಾಟವಾಗದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕ್ರಯಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು.

ಎರಡೂ ಕಡೆಗೆ ಒಬ್ಬರೇ ವಕೀಲರಾದರೆ ಖರ್ಚು ಉಳಿದೀತು. ಆದರೆ ತಕರಾರು ಬಂದಾಗ ಅವರು ಯಾರ ಪರ? ತಮ್ಮ ವಕೀಲರು ತಮಗಿರಲಿ. ಇನ್ನು ವಿದ್ಯಾರ್ಥಿಗಳಿಗೊಂದು ಮಾತು: ‘ಇಲ್ಲೊಂದು ಸಹಿ ಹಾಕು’ ಎಂದು ಮನೆಯಲ್ಲಿ ಕಾಗದ ಮುಂದಿಟ್ಟರೆ, ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಪೂರ್ತಿ ಓದಿ, ಅರ್ಥವಾಗದ್ದನ್ನು ಕೇಳಿ. ಆಮೇಲೆ ಪೆನ್ನು ತೆಗೆಯಿರಿ.