ಮಧುಮೇಹದ ಹೊಸ್ತಿಲಲ್ಲಿ ನಡಿಗೆ

ಬರಿಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಅಂಶ ಡೆಸಿಲೀಟರಿಗೆ 100ರಿಂದ 125 ಮಿ.ಗ್ರಾಂ. ಇದ್ದರೆ ಅದು ಮಧುಮೇಹಪೂರ್ವ ಸ್ಥಿತಿ. ‘ಇನ್ನೂ ಕಾಯಿಲೆ ಬಂದಿಲ್ಲವಲ್ಲ’ ಎಂದು ಸುಮ್ಮನಾಗುವವರೇ ಹೆಚ್ಚು. 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಇಂಥವರ ಪೈಕಿ ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ನೂರಕ್ಕೆ 55 ಮಂದಿ ಮೂರು ವರ್ಷಗಳೊಳಗೆ ಮಧುಮೇಹಿಗಳಾದರು. ನಡಿಗೆ, ಹಿತಮಿತ ಆಹಾರಗಳ ಮಾರ್ಗದರ್ಶನ ದೊರೆತವರಲ್ಲಿ ಆ ಸಂಖ್ಯೆ 39.

ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಆ ಬಳಿಕವೂ ಒಂದೆರಡು ದಿನ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಆದಕಾರಣ ಸತತ ಎರಡು ದಿನಗಳಿಗಿಂತ ಹೆಚ್ಚು ಬಿಡುವು ಕೂಡದು; ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವುದು ಲೇಸು. ಮಠದ ಅಂಗಳದಲ್ಲಿ ಹರಟುತ್ತ ಸುತ್ತಿದರೆ ಸಾಲದು: ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಬೇಕು. ಹೃದ್ರೋಗವುಳ್ಳವರು ವೈದ್ಯರನ್ನು ಕಂಡೇ ಆರಂಭಿಸತಕ್ಕದ್ದು.